ಗೆಣ್ಣು ನೋಡಿ, ಕಾಯಿ ನೋಡಿ: ಕೆರೆಯಂಗಳದ ಪುಟ್ಟ ಪಾಲಿಗೋನಮ್ ಗುರುತಿಸುವ ಬಗೆ

ಉಪವಾಸದ ದಿನ ತಿನ್ನುವ ಕುಟ್ಟು ಹಿಟ್ಟು ಯಾವ ಕುಟುಂಬದ ಗಿಡದಿಂದ ಬರುತ್ತದೋ, ಆ ಪಾಲಿಗೋನೇಸಿ ಕುಟುಂಬಕ್ಕೇ ಸೇರಿದ ಒಂದು ಪುಟ್ಟ ಗಿಡ ನಮ್ಮ ಎರೆನೆಲದಲ್ಲೂ ಬೆಳೆಯುತ್ತದೆ. ಹೆಸರು ಪಾಲಿಗೋನಮ್ ಪ್ಲೆಬೀಯಂ. ಇದಕ್ಕೆ ಈ ಹೆಸರಿಟ್ಟವರು ರಾಬರ್ಟ್ ಬ್ರೌನ್, 1810ರಲ್ಲಿ, ಆಸ್ಟ್ರೇಲಿಯಾದ ಗಿಡಗಳನ್ನು ವಿವರಿಸುವಾಗ. ಅಲ್ಲಿಂದ ಆಫ್ರಿಕಾದವರೆಗೆ ಹರಡಿರುವ ಗಿಡ ಇದು. ಅಳಿವಿನಂಚಿನದ್ದೇನೂ ಅಲ್ಲ, ಆದರೆ ಕಲಬುರಗಿ, ಬೀದರ್, ಯಾದಗಿರಿಯ ಕೆರೆಯಂಗಳದಲ್ಲಿ, ದನ ಮೇದು ಗಿಡ್ಡಾದ ಗಾಯರಾಣದ ಹುಲ್ಲಿನಲ್ಲಿ ಇದರ ಮೇಲೆ ಕಾಲಿಟ್ಟು ಹೋಗುವವರು ಸಾವಿರ, ಬಗ್ಗಿ ನೋಡುವವರು ಅಪರೂಪ. ಹೂವು ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ.

ಹೂವಿನ ಬಣ್ಣ ನೋಡಿ ಹೆಸರು ಹೇಳುವ ಅಭ್ಯಾಸ ಇರುವವರಿಗೆ ಈ ಕುಟುಂಬ ಕೈಕೊಡುತ್ತದೆ. ಇಲ್ಲಿ ಗುರುತು ಇರುವುದು ಎರಡು ಕಡೆ: ಕಾಂಡದ ಗೆಣ್ಣಿನಲ್ಲಿ ಮತ್ತು ಬಲಿತ ಕಾಯಿಯಲ್ಲಿ. ಈ ಲೇಖನ ಇಡೀ ಅದರ ಸುತ್ತಲೇ ಇದೆ.

ಮೊದಲ ಪಾಠ ತರಕಾರಿ ಮಾರ್ಕೆಟ್ಟಿನಲ್ಲಿ

ನೇರ ಕೆರೆಗೆ ಹೋಗಬೇಡಿ. ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಾಗಲಿ, ನಿಮ್ಮೂರಿನ ಸಂತೆಯಲ್ಲಾಗಲಿ ಒಂದು ಕಟ್ಟು ಚುಕ್ಕಾ ಪಲ್ಯ ಕೊಳ್ಳಿ. ಬೇಳೆಗೆ ಹಾಕುವ ಈ ಹುಳಿ ಸೊಪ್ಪು ರುಮೆಕ್ಸ್ ವೆಸಿಕೇರಿಯಸ್, ಅದೇ ಪಾಲಿಗೋನೇಸಿ ಕುಟುಂಬದ್ದು. ಬೇರುಸಹಿತ ಕಿತ್ತ, ಸ್ವಲ್ಪ ಬಲಿತು ಕಾಂಡ ಮೇಲೆದ್ದ ಗಿಡಗಳಿರುವ ಕಟ್ಟನ್ನು ಆರಿಸಿ. ಅಡುಗೆಗೆ ಎಳೆಯದು ಒಳ್ಳೆಯದು, ಪಾಠಕ್ಕೆ ಬಲಿತದ್ದು.

ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಜಾಗ ನೋಡಿ. ಅಲ್ಲಿ ತೆಳುವಾದ, ಹೆಚ್ಚುಕಡಿಮೆ ಪಾರದರ್ಶಕವಾದ ಪೊರೆಯೊಂದು ಕಾಂಡವನ್ನು ಸುತ್ತಿಕೊಂಡು, ಎಲೆ ಹುಟ್ಟಿದ ಜಾಗದಿಂದ ಮೇಲಕ್ಕೆ ಕೊಳವೆಯಾಗಿ ನಿಂತಿರುತ್ತದೆ. ಇದು ವೃಂತಪರ್ಣಗಳು, ಅಂದರೆ ಎಲೆಯ ಬುಡದ ಎರಡು ಬದಿಯ ಪುಟ್ಟ ಚೂರುಗಳು, ಒಂದಾಗಿ ಬೆಸೆದು ಆದದ್ದು. ಸಸ್ಯಶಾಸ್ತ್ರದಲ್ಲಿ ಇದನ್ನು ಓಕ್ರಿಯ ಎನ್ನುತ್ತಾರೆ. ಇಲ್ಲಿ ಸುಮ್ಮನೆ ಗೆಣ್ಣಿನ ಒರೆ ಎನ್ನೋಣ. ಚುಕ್ಕಾದಲ್ಲಿ ಈ ಒರೆ ಬೇಗ ಹರಿದು ಹೋಗುತ್ತದೆ, ತೊಳೆದು ಕಟ್ಟಿದ ಸೊಪ್ಪಿನಲ್ಲಂತೂ ಕೆಳಗಿನ ಗೆಣ್ಣುಗಳಲ್ಲಿ ಉಳಿದಿರುವುದೇ ಇಲ್ಲ. ಹಾಗಾಗಿ ಕಾಂಡದ ತುದಿಯ ಎಳೆಯ ಗೆಣ್ಣುಗಳಲ್ಲಿ ಹುಡುಕಿ. ಸೂಜಿಯ ಮೊನೆಯನ್ನು ಒರೆಯ ಬಾಯಿಂದ ಮೆಲ್ಲಗೆ ಇಳಿಸಿದರೆ ಪೊರೆ ಕಾಂಡಕ್ಕೆ ಅಂಟಿಲ್ಲ, ಬಿಡಿಯಾಗಿದೆ ಎಂಬುದು ತಿಳಿಯುತ್ತದೆ.

ಒಂದೆರಡು ಗಿಡವನ್ನು ಕುಂಡದಲ್ಲಿ ನೆಟ್ಟು ಹೂ ಬಿಡಲು ಬಿಟ್ಟರೆ ಎರಡನೇ ಪಾಠವೂ ಮನೆಯಲ್ಲೇ ಆಗುತ್ತದೆ. ಚುಕ್ಕಾ ಹೂವಿನಲ್ಲಿ ದಳ, ಪುಷ್ಪಪತ್ರ ಎಂಬ ಭೇದ ಇಲ್ಲ. ಮೂರು ಮೂರರಂತೆ ಎರಡು ಸುತ್ತಿನಲ್ಲಿ ಆರು ಎಸಳು, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ, ಅದರ ಮೇಲೆ ಪರಾಗ ಹಿಡಿಯುವ, ಕುಚ್ಚಿನಂಥ ಮೂರು ಶಲಾಕಾಗ್ರ. ಹೂ ಮುಗಿದ ಮೇಲೆ ಒಳಸುತ್ತಿನ ಮೂರು ಎಸಳು ಬೆಳೆದು ಒಂದರಿಂದ ಎರಡು ಸೆಂಟಿಮೀಟರಿನ ಕೆಂಪು ನರಬಲೆಯ ರೆಕ್ಕೆಗಳಾಗುತ್ತವೆ. ಹೂವೆಂದು ಜನ ಫೋಟೊ ತೆಗೆಯುವುದು ಈ ರೆಕ್ಕೆಗಳನ್ನೇ, ಅಂದರೆ ಕಾಯಿಯ ಹೊದಿಕೆಯನ್ನು. ಹೂ ಮುಗಿದರೂ ಎಸಳು ಉದುರದೆ ಕಾಯಿಯನ್ನು ಕಾಯುವುದು ಇಡೀ ಕುಟುಂಬದ ಗುಣ.

ದೊಡ್ಡ ಹೂ ಬಿಡಿಸಿ ಕೈ ಪಳಗಿಸಿಕೊಳ್ಳಬೇಕೆಂದರೆ ಕಾಂಪೌಂಡ್ ಗೋಡೆ, ಗೇಟಿನ ಕಮಾನುಗಳ ಮೇಲೆ ಹಬ್ಬಿಸುವ ಗುಲಾಬಿ ಬಣ್ಣದ ಕೋರಲ್ ಬಳ್ಳಿ ಸಾಕು. ಮೆಕ್ಸಿಕೊ ಮೂಲದ ಈ ಆಂಟಿಗೋನನ್ ಕೂಡ ಇದೇ ಮನೆತನ. ಐದು ಎಸಳಿನಲ್ಲಿ ಹೊರಗಿನ ಮೂರು ಅಗಲ, ಒಳಗಿನ ಎರಡು ಕಿರಿದು. ಸಾಮಾನ್ಯವಾಗಿ ಎಂಟು ಕೇಸರ, ಬುಡದಲ್ಲಿ ಬಟ್ಟಲಾಗಿ ಕೂಡಿಕೊಂಡಿರುತ್ತವೆ. ಆದರೆ ಇದರ ಗೆಣ್ಣಿನಲ್ಲಿ ಒರೆ ಹುಡುಕಬೇಡಿ, ಅಲ್ಲಿ ಒಂದು ಗೆರೆಯಷ್ಟೇ ಉಳಿದಿರುತ್ತದೆ. ಅಮೆರಿಕದ ಹುಲ್ಲುಗಾವಲುಗಳ ಎರಿಯೋಗೋನಮ್ ಕುಲ ಇನ್ನೂ ಒಂದು ಹೆಜ್ಜೆ ಮುಂದೆ. ಸುಮಾರು 250 ಪ್ರಭೇದಗಳಿರುವ ಆ ಕುಲದಲ್ಲಿ ಒರೆಯೇ ಇಲ್ಲ; ಆರು ಎಸಳು, ಒಂಬತ್ತು ಕೇಸರದ ಹೂಗಳು ಸಣ್ಣ ಬಟ್ಟಲಿನಂಥ ಹೊದಿಕೆಯಿಂದ ಹೊರಬರುತ್ತವೆ. ಅಂತರಜಾಲದಲ್ಲಿ ಸಿಗುವ ಅಮೆರಿಕದ ಕೈಪಿಡಿ ಹಿಡಿದು ನಮ್ಮ ಕೆರೆಗೆ ಹೋದರೆ ಕೆಲಸ ಕೆಡುವುದು ಇಲ್ಲಿಯೇ.

ಎಲ್ಲಿ, ಯಾವಾಗ

ಮುಂಗಾರಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಆಗ ಆ ನೆಲವೆಲ್ಲ ನೀರಿನಡಿ ಇರುತ್ತದೆ ಅಥವಾ ಎತ್ತರದ ಹುಲ್ಲು ಮುಚ್ಚಿರುತ್ತದೆ. ಪ್ಲೆಬೀಯಂ ಬೇಡುವುದು ಬೋಳಾದ, ಬಿಸಿಲು ಬೀಳುವ, ಒಳಗೆ ಇನ್ನೂ ತೇವ ಉಳಿದ ಮಣ್ಣು. ಅಂಥ ಮಣ್ಣು ನಮ್ಮಲ್ಲಿ ಸಿಗುವುದು ಕೆರೆ, ಜಲಾಶಯಗಳ ನೀರು ಹಿಂದೆ ಸರಿಯುವಾಗ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಜನವರಿ ಕೊನೆಯಿಂದ ಮಾರ್ಚ್ ನಡುವೆ ಹೋದರೆ ಹೂವೂ ಕಾಯಿಯೂ ಒಂದೇ ಗಿಡದಲ್ಲಿ ಸಿಗುವ ಸಂಭವ ಹೆಚ್ಚು.

ಕಲಬುರಗಿ ಜಿಲ್ಲೆಯಲ್ಲಿ ಬೆಣ್ಣೆತೊರಾ ಜಲಾಶಯದ ಹಿನ್ನೀರಿನ ಅಂಚು, ಅಫಜಲಪುರದ ಕಡೆ ಭೀಮೆಯ ದಂಡೆ, ಎರೆಹೊಲದ ನಡುವಿನ ಹಳ್ಳಗಳ ತಗ್ಗು ಹುಡುಕಲು ಸೂಕ್ತ. ಯಾದಗಿರಿಯಲ್ಲಿ ಶಹಾಪುರ, ಸುರಪುರ ತಾಲ್ಲೂಕುಗಳ ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ಕೊಯ್ಲಿನ ನಂತರ ನೋಡಿ, ಕೂಳೆಯ ಸಾಲುಗಳ ನಡುವೆ ಗಿಡ ಹಬ್ಬುತ್ತದೆ. ಬೋನಾಳದಂಥ ದೊಡ್ಡ ಕೆರೆಗಳ ಅಂಗಳವೂ ಸರಿ. ಬೀದರಿನದು ಬೇರೆ ಲೆಕ್ಕ. ಅಲ್ಲಿ ಮೇಲ್ದಿಣ್ಣೆಯ ಜಂಬಿಟ್ಟಿಗೆ ಕಲ್ಲಿನ ಕೆಂಪು ಮೊರಂ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಅಂಥ ಕಡೆ ಈ ಗಿಡಕ್ಕಾಗಿ ಸಮಯ ಹಾಳುಮಾಡಬೇಡಿ. ಕಾರಂಜಾ ಜಲಾಶಯದ ಅಂಚಿಗೆ, ಮಾಂಜ್ರಾ ದಂಡೆಗೆ, ಊರ ಕೆರೆಗಳಿಗೆ ಇಳಿಯಿರಿ.

ಕೆರೆ ತಲುಪಿದ ಮೇಲೆ ನಡೆಯುವ ದಿಕ್ಕು ಮುಖ್ಯ. ನೀರು ಹಿಂದೆ ಸರಿದಂತೆಲ್ಲ ಹೊಸದಾಗಿ ಬೋಳಾದ ಪಟ್ಟಿಯಲ್ಲಿ ಬೀಜ ಮೊಳೆಯುತ್ತದೆ. ಆದ್ದರಿಂದ ನೀರಂಚಿನಲ್ಲಿ ಇರುವುದು ಮೊಳಕೆ, ನಡುವೆ ಹೂವಿನ ಗಿಡ, ಕಟ್ಟೆಯ ಕಡೆಗೆ ಕಾಯಿ ಬಲಿತು ಕೆಂಪಾದ ಗಿಡ. ಒಣ ಅಂಚಿನಿಂದ ಶುರುಮಾಡಿ ನೀರಿನ ಕಡೆ ನೇರ ಗೆರೆಯಲ್ಲಿ ನಡೆಯಿರಿ. ಒಂದೇ ಬೆಳಗಿನಲ್ಲಿ ಗಿಡದ ಎಲ್ಲ ವಯಸ್ಸೂ ಸಿಗುತ್ತದೆ. ನೀರಂಚಿಗೆ ಓಡಿಹೋಗಿ ಅಲ್ಲೇ ಮೊಳಕೆ ನೋಡಿ ಹೆಸರು ಹೇಳಲು ಕುಳಿತವರಿಗೆ ಕಾಯಿ ಸಿಗುವುದಿಲ್ಲ, ಅರ್ಧ ಗುರುತು ಅಲ್ಲಿಗೇ ತಪ್ಪಿತು.

ಎಚ್ಚರಿಕೆಯ ಮಾತು ಮೂರು. ಎರೆಮಣ್ಣಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಕೆಸರಿರಬಹುದು, ಕೋಲಿನಿಂದ ಚುಚ್ಚಿ ನೋಡಿ ಹೆಜ್ಜೆ ಇಡಿ. ಬಿರುಕುಗಳಲ್ಲಿ ಹಾವು ಇರುತ್ತವೆ, ಬರಿಗೈ ಹಾಕಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ನದಿಯ ದಂಡೆಯಲ್ಲಿ ನೀರಿಗೆ ಬೆನ್ನು ಕೊಟ್ಟು ಕುಳಿತು ಲೆನ್ಸಿನಲ್ಲಿ ಮುಳುಗುವ ಹುಚ್ಚು ಬೇಡ.

ಚಿಂಚೋಳಿ ವನ್ಯಜೀವಿಧಾಮದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿ ಒಂದು ಎಲೆಯನ್ನೂ ಕೀಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಿಡಗಳಿಗೂ ಅನ್ವಯಿಸುತ್ತದೆ. ಖಾಸಗಿ ಹೊಲವಾದರೆ ಮಾಲೀಕರನ್ನು ಕೇಳಿ. "ಕಾಕಾ, ಹೊಲದಾಗ ಒಂದೀಟು ಕಸ ನೋಡ್ಕೋಬೇಕ್ರಿ" ಎಂದರೆ ಬೇಡ ಎನ್ನುವವರು ಕಡಿಮೆ. ಹಾಗೇ ಅಲ್ಲಿನ ಹೆಸರನ್ನೂ ಕೇಳಿಕೊಳ್ಳಿ, ಆದರೆ ನೀವೇ ಹೆಸರು ಹೇಳಿ "ಇದು ಅದೇನಾ?" ಎನ್ನಬೇಡಿ. ಬಂದವರ ಮಾತು ಮುರಿಯಬಾರದೆಂದು "ಹ್ಞೂಂ ರೀ" ಎಂದುಬಿಡುತ್ತಾರೆ, ಆ ತಪ್ಪು ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲಿ ಖಾಯಂ ಆಗುತ್ತದೆ.

ಚೀಲದಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್ ಒಂದು. ಎರಡು ಹೊಲಿಗೆ ಸೂಜಿ, ಕಣ್ಣಿನ ಕಡೆಯನ್ನು ಪೆನ್ಸಿಲ್ಲಿನ ಹಿಂಬದಿ ರಬ್ಬರಿಗೆ ಚುಚ್ಚಿದರೆ ಹಿಡಿಕೆಯಾಯಿತು. ಮೊನೆ ಚೂಪಾದ ಚಿಮಟ. ಮಿಲಿಮೀಟರ್ ಗ್ರಾಫ್ ಕಾಗದದ ತುಂಡು. ಅಂಗೈಯಗಲ ಕಪ್ಪು ಚಾರ್ಟ್ ಕಾಗದ, ಅಷ್ಟೇ ಬಿಳಿ ಕಾಗದ. ಬಿಳಿ ಪೊರೆ ನೋಡಲು ಕಪ್ಪು ಹಿನ್ನೆಲೆ, ಕಪ್ಪು ಕಾಯಿ ನೋಡಲು ಬಿಳಿ ಹಿನ್ನೆಲೆ; ಇದನ್ನು ಉಲ್ಟಾ ಮಾಡಿದರೆ ಲೆನ್ಸ್ ಎಷ್ಟು ಒಳ್ಳೆಯದಿದ್ದರೂ ಏನೂ ಕಾಣುವುದಿಲ್ಲ. ಮತ್ತೆ ಹಳೆ ಪತ್ರಿಕೆ, ಸಣ್ಣ ಕಾಗದದ ಪೊಟ್ಟಣಗಳು, ಪೆನ್ಸಿಲ್. ಪೆನ್ನು ಬೇಡ, ತೇವ ತಗುಲಿದರೆ ಶಾಯಿ ಹರಡುತ್ತದೆ.

ಲೆನ್ಸ್ ಬಳಸುವ ರೀತಿಯಲ್ಲೇ ಬಹಳ ಜನ ಎಡವುತ್ತಾರೆ. ಗಿಡದ ಮೇಲೆ ಲೆನ್ಸ್ ಹಿಡಿದು ದೂರದಿಂದ ಇಣುಕುವುದಲ್ಲ. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಆ ಕೈಯ ಹೆಬ್ಬೆರಳನ್ನು ಕೆನ್ನೆಗೆ ಊರಿ, ಇನ್ನೊಂದು ಕೈಯಲ್ಲಿ ಗಿಡವನ್ನು ಲೆನ್ಸಿನ ಕಡೆ ತನ್ನಿ. ಹತ್ತು ಪಟ್ಟಿನ ಲೆನ್ಸಿಗೆ ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಎರಡೂ ಕೈ ಒಂದಕ್ಕೊಂದು ತಾಗಿಸಿಕೊಂಡರೆ ನಡುಕ ನಿಲ್ಲುತ್ತದೆ. ಬೆಳಕು ಪಕ್ಕದಿಂದ ಬೀಳಲಿ, ತಲೆಯ ನೆರಳು ಗಿಡದ ಮೇಲೆ ಬೇಡ.

ಗಿಡದ ಮುಂದೆ ಕುಳಿತ ಮೇಲೆ

ಮೊದಲು ಕೀಳದೆ ನೋಡಿ. ಒಂದೇ ಬೇರಿನಿಂದ ಹತ್ತಾರು ಕವಲು ಸುತ್ತಲೂ ನೆಲಕ್ಕೆ ಒರಗಿ ಚಾಪೆಯಾಗಿ ಹರಡಿರುತ್ತವೆ. ಕವಲಿನ ಉದ್ದ ಸಾಮಾನ್ಯವಾಗಿ 10ರಿಂದ 40 ಸೆಂಟಿಮೀಟರ್. ಕವಲನ್ನು ಎತ್ತಿ ನೋಡಿದರೆ ಅದು ನೆಲಕ್ಕೆ ಬೇರು ಬಿಟ್ಟು ಹಿಡಿದುಕೊಂಡಿರುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ನಡುವಿನ ತಾಯಿಬೇರು ತೆಳ್ಳಗಿದ್ದರೂ ಗಟ್ಟಿ. ಎಳೆದರೆ ಕುತ್ತಿಗೆಯಲ್ಲೇ ಕಡಿಯುತ್ತದೆ. ಸುತ್ತಲ ಮಣ್ಣು ಸಡಿಲಿಸಿ ತೆಗೆಯಬೇಕು.

ಆಮೇಲೆ ಎಲೆ. ಗೆಣ್ಣಿಗೊಂದೇ ಎಲೆ, ಒಂದು ಈಚೆ ಒಂದು ಆಚೆ. ಎದುರುಬದುರು ಜೋಡಿಯಾಗಿದ್ದರೆ ಇದು ಈ ಗಿಡವಲ್ಲ, ಅಲ್ಲಿಗೇ ಎದ್ದುಬಿಡಬಹುದು. ಆದರೆ ಎಲೆಯ ಕಂಕುಳಲ್ಲಿ ಹುಟ್ಟಿದ ಪುಟ್ಟ ಕವಲಿನ ಎಲೆಗಳು ಗುಂಪಾಗಿ ಕಂಡು ಮೋಸ ಮಾಡುತ್ತವೆ, ಆದ್ದರಿಂದ ಕವಲಿನ ತುದಿಯ ಬದಲು ನಡುಭಾಗ ನೋಡಿ. ಎಲೆ 5ರಿಂದ 15 ಮಿಲಿಮೀಟರ್ ಉದ್ದ, 2ರಿಂದ 4 ಮಿಲಿಮೀಟರ್ ಅಗಲ. ಬುಡ ಕಿರಿದು, ತುದಿಯ ಕಡೆ ತುಸು ಅಗಲ. ನಡುನರ ಒಂದೇ ಕಾಣುತ್ತದೆ, ಪಕ್ಕದ ನರಗಳು ಲೆನ್ಸಿನಲ್ಲೂ ಸರಿಯಾಗಿ ತೋರುವುದಿಲ್ಲ. ತೊಟ್ಟು ಇಲ್ಲವೆಂಬಷ್ಟು ಚಿಕ್ಕದು. ಎಲೆಯ ಅಗಲ ಮಣ್ಣಿನ ತೇವಕ್ಕೆ ತಕ್ಕಂತೆ ಬಹಳ ಬದಲಾಗುತ್ತದೆ, ಒಂದೇ ಕೆರೆಯಲ್ಲಿ ಸೂಜಿಯಂಥ ಎಲೆಯ ಗಿಡವೂ ಅಗಲ ಎಲೆಯ ಗಿಡವೂ ಸಿಗುತ್ತವೆ. ಎಲೆ ಬೇರೆ ಎಂದು ಪ್ರಭೇದ ಬೇರೆ ಮಾಡಬೇಡಿ.

ಈಗ ಎರಡು ಗೆಣ್ಣಿನ ನಡುವಿನ ಅಂತರವನ್ನು ಗ್ರಾಫ್ ಕಾಗದದ ಮೇಲಿಟ್ಟು ಅಳೆಯಿರಿ. ಪ್ಲೆಬೀಯಂನಲ್ಲಿ ಈ ಅಂತರ ಎಲೆಯ ಉದ್ದಕ್ಕಿಂತ ಕಡಿಮೆ. ಹಾಗಾಗಿಯೇ ಕವಲಿಡೀ ಎಲೆಯಿಂದ ಒತ್ತಾಗಿ ತುಂಬಿದಂತೆ ಕಾಣುತ್ತದೆ. ಐದಾರು ಕಡೆ ಅಳೆದು ನೋಡಿ, ನೆರಳಿನಲ್ಲಿ ಉದ್ದವಾಗಿ ಎಳೆದುಕೊಂಡ ಒಂದು ಕವಲನ್ನೇ ನಂಬಬೇಡಿ.

ಇನ್ನು ಒರೆ. ಇಡೀ ಕೆಲಸದಲ್ಲಿ ನಿಧಾನ ಬೇಕಾದದ್ದು ಇಲ್ಲಿ. ಕವಲಿನ ತುದಿಯಿಂದ ನಾಲ್ಕನೆಯದೋ ಐದನೆಯದೋ ಗೆಣ್ಣು ಆರಿಸಿ ಕಪ್ಪು ಕಾಗದದ ಮೇಲಿಡಿ. ಎಲೆಯನ್ನು ಸೂಜಿಯಿಂದ ಕೆಳಕ್ಕೆ ಬಗ್ಗಿಸಿದರೆ ಗೆಣ್ಣಿನ ಸುತ್ತ ಎರಡೂವರೆ ಮೂರು ಮಿಲಿಮೀಟರಿನ ಬೆಳ್ಳಿಬಿಳುಪಿನ ಪೊರೆ ಕಾಣುತ್ತದೆ. ಬಾಯಿ ನೇರ ಕತ್ತರಿಸಿದಂತಿಲ್ಲ, ಎಳೆಎಳೆಯಾಗಿ ಸೀಳಿರುತ್ತದೆ. ಪೊರೆಯಲ್ಲಿ ಕಂದು ನರದ ಗೆರೆಗಳಿವೆಯೇ ಎಂದು ಹುಡುಕಿ. ಎದ್ದು ಕಾಣುವ ಗೆರೆ ಇಲ್ಲದಿದ್ದರೆ ಪ್ಲೆಬೀಯಂ ಕಡೆಗೆ ತೂಕ ಹೆಚ್ಚಾಯಿತು. ಹಳೆಯ ಗೆಣ್ಣಿನಲ್ಲಿ ಪೊರೆ ಸವೆದು ಮಣ್ಣು ಮೆತ್ತಿ ಕಂದಾಗಿರುತ್ತದೆ, ಅದನ್ನು ನರವೆಂದು ಓದಿಬಿಡುವುದು ಸಾಮಾನ್ಯ ತಪ್ಪು. ಒಂದು ಹನಿ ನೀರು ಬಿಟ್ಟು ಒರೆಸಿ ಮತ್ತೆ ನೋಡಿ. ಎಲೆಯ ಬುಡದಲ್ಲಿ, ಒರೆಗೆ ಸೇರುವಲ್ಲಿ, ಒಂದು ಸಣ್ಣ ಕೀಲಿನ ಗುರುತೂ ಇದೆ. ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿದರೆ ಅಲ್ಲಿಗೇ ಸರಿಯಾಗಿ ಕಳಚುತ್ತದೆ. ಒಣಗಿಸುವಾಗ ಈ ಕೀಲು ಕೊಡುವ ಕಾಟ ಮುಂದೆ ಹೇಳುತ್ತೇವೆ.

ಹೂಗಳು ಎಲೆಯ ಕಂಕುಳಲ್ಲಿ ಮೂರರಿಂದ ಆರು, ಒರೆಯೊಳಗಿಂದಲೇ ಇಣುಕುತ್ತವೆ. ತುದಿಯಲ್ಲಿ ತೆನೆ ಇಲ್ಲ. ಈ ಒಂದು ಸಂಗತಿಯಿಂದ ಪಾಲಿಗೋನಮ್ ಬೇರೆ, ಅದೇ ಕೆರೆಯಲ್ಲಿ ಎತ್ತರಕ್ಕೆ ಬೆಳೆಯುವ, ಇದೇ ಕುಟುಂಬದ ಪರ್ಸಿಕೇರಿಯಾ ಬೇರೆ. ಎಸಳು ಐದು, ಒಂದೊಂದೂ ಒಂದೂವರೆ ಮಿಲಿಮೀಟರಿನೊಳಗೆ. ನಡುವೆ ಹಸಿರು, ಅಂಚು ಬಿಳಿ ಅಥವಾ ನಸುಗೆಂಪು. ಕೇಸರ ಎಣಿಸಲು ಅರಳಿದ ಹೂವನ್ನು ಚಿಮಟದಿಂದ ತೊಟ್ಟು ಹಿಡಿದು ಕಪ್ಪು ಕಾಗದದ ಮೇಲೆ ಮಲಗಿಸಿ, ಒಂದು ಸೂಜಿಯಿಂದ ಒತ್ತಿ ಹಿಡಿದು, ಇನ್ನೊಂದರಿಂದ ಎಸಳನ್ನು ಒಂದೊಂದಾಗಿ ಹೊರಕ್ಕೆ ಬಿಡಿಸಿ. ಕೇಸರ ಸಾಮಾನ್ಯವಾಗಿ ಐದು. ಉಸಿರು ತಾಗಿದರೂ ಹಾರುವಷ್ಟು ಹಗುರ, ಗಾಳಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಒಂದೇ ಹೂ ನೋಡಿ ಸಂಖ್ಯೆ ಬರೆಯಬೇಡಿ; ಬೇರೆ ಬೇರೆ ಗಿಡದ ಹತ್ತು ಹೂ ಬಿಡಿಸಿ, ಹೆಚ್ಚು ಬಾರಿ ಬಂದ ಸಂಖ್ಯೆ ಬರೆದುಕೊಳ್ಳಿ. ಪರಾಗಕೋಶ ಉದುರಿ ಬರೀ ಕಡ್ಡಿ ಉಳಿದಿದ್ದರೆ ಆ ಕಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಡಾಶಯದ ಮೇಲೆ ತೀರ ಗಿಡ್ಡ ಶಲಾಕೆ ಮೂರು.

ಕೊನೆಗೆ ಕಾಯಿ. ಇದು ಒಂದೇ ಬೀಜದ, ಒಡೆಯದ ಒಣಕಾಯಿ. ಒಂದೂವರೆಯಿಂದ ಎರಡು ಮಿಲಿಮೀಟರ್. ಬಲಿತಾಗ ಕಪ್ಪುಕಂದು, ನುಣುಪು, ಹೊಳಪು. ಒಣಗಿದ ಎಸಳುಗಳು ಇದನ್ನು ಮುಚ್ಚಿಕೊಂಡಿರುತ್ತವೆ, ಹಾಗಾಗಿ ಗಿಡದಲ್ಲಿ ಕಾಯಿ ಇದ್ದರೂ ಇಲ್ಲವೆಂದೇ ಅನಿಸುತ್ತದೆ. ಕೆಂಪಾದ ಹಳೆ ಕವಲನ್ನು ಬಿಳಿ ಕಾಗದದ ಮೇಲೆ ಎರಡು ಬೆರಳಲ್ಲಿ ಉಜ್ಜಿ. ಹೊಟ್ಟು ಊದಿದರೆ ಕಪ್ಪು ಕಾಳು ಉಳಿಯುತ್ತವೆ. ಕಾಳಿನ ಮೂಲೆ ಎಣಿಸಲು ಅದನ್ನು ಪಕ್ಕದಿಂದಲ್ಲ, ತುದಿಯ ಕಡೆಯಿಂದ ನೋಡಬೇಕು. ಮೂರು ಏಣು ಆಗ ಸ್ಪಷ್ಟ. ಇನ್ನೊಂದು ಉಪಾಯ, ಕಾಗದದ ಮೇಲೆ ಕಾಳನ್ನು ಸೂಜಿಯಿಂದ ಉರುಳಿಸಿ ಬಿಡಿ. ಮೂರು ಏಣಿನ ಕಾಳು ಹೇಗೆ ನಿಂತರೂ ಮೇಲೊಂದು ಏಣು ಬರುತ್ತದೆ. ಎರಡು ಮುಖದ ಚಪ್ಪಟೆ ಕಾಳು ಪ್ರತಿ ಬಾರಿಯೂ ಅಗಲ ಮುಖದ ಮೇಲೆ ಮಲಗುತ್ತದೆ. ಪ್ಲೆಬೀಯಂನಲ್ಲಿ ಹೆಚ್ಚಿನವು ಮೂರು ಏಣಿನವು, ನಡುನಡುವೆ ಎರಡು ಮುಖದವೂ ಸಿಗುತ್ತವೆ. ಹಸಿರು ಅಥವಾ ತಿಳಿಕಂದು ಕಾಳು ಬೇಡ. ಬಲಿಯದ ಕಾಳು ಒಣಗಿ ಸೊರಗಿದಾಗ ಇಲ್ಲದ ಏಣು, ಇಲ್ಲದ ಕುಳಿ ಹುಟ್ಟಿಕೊಳ್ಳುತ್ತವೆ. ಉಗುರಿನಿಂದ ಒತ್ತಿದರೆ ಚಪ್ಪಟೆಯಾಗದ ಗಟ್ಟಿ ಕಾಳು ಮಾತ್ರ ಲೆಕ್ಕಕ್ಕೆ.

ಮೊಬೈಲ್ ಆ್ಯಪ್‌ಗಳು ಈ ಗಿಡದ ಫೋಟೊಕ್ಕೆ ಪಾಲಿಗೋನಮ್ ಅವಿಕ್ಯುಲೇರ್ ಎಂದು ಉತ್ತರ ಕೊಡುವುದುಂಟು. ತಣ್ಣನೆ ನಾಡುಗಳಲ್ಲಿ, ನಮ್ಮ ಹಿಮಾಲಯದ ಕಡೆ ಸಾಮಾನ್ಯವಾದ ಆ ಪ್ರಭೇದದಲ್ಲಿ ಗೆಣ್ಣಿನ ಅಂತರ ಎಲೆಗಿಂತ ಉದ್ದ, ಒರೆಯಲ್ಲಿ ನರಗಳು ಸ್ಪಷ್ಟ, ಕೇಸರ ಎಂಟು, ಕಾಯಿ ಎರಡೂವರೆ ಮಿಲಿಮೀಟರ್ ದಾಟಿ, ಮೈಮೇಲೆ ಸಣ್ಣ ಗೀರುಗಳಿದ್ದು ಹೊಳಪಿಲ್ಲದೆ ಇರುತ್ತದೆ. ಮೇಲಿನಿಂದ ತೆಗೆದ ಒಂದು ಫೋಟೊದಲ್ಲಿ ಇದ್ಯಾವುದೂ ಕಾಣುವುದಿಲ್ಲ, ಆ್ಯಪ್ ಪಾಪ ಏನು ಮಾಡೀತು.

ಮೋಸ ಮಾಡುವ ಅಕ್ಕಪಕ್ಕದವರು

ಬಿರುಕುಬಿಟ್ಟ ಕೆರೆಯಂಗಳದಲ್ಲಿ ಚಾಪೆ ಹಾಸುವ ಗಿಡ ಇದೊಂದೇ ಅಲ್ಲ. ತಲೆ ಕೆಡಿಸುವುದು ಮುಖ್ಯವಾಗಿ ಪಾಲಿಕಾರ್ಪಾನ್ ಪ್ರೊಸ್ಟ್ರೇಟಮ್, ಏಕೆಂದರೆ ಅದರ ಗೆಣ್ಣಿನಲ್ಲೂ ಬಿಳಿ ಪೊರೆ ಇದೆ. ಆದರೆ ಅದರ ಎಲೆ ಎದುರುಬದುರು ಅಥವಾ ಸುತ್ತುಗಟ್ಟಿ ಇರುತ್ತವೆ, ಪೊರೆ ಕೊಳವೆಯಲ್ಲ, ಬಿಡಿ ಚೂರುಗಳು. ಕಾಯಿ ಒಡೆದರೆ ಒಳಗೆ ಧೂಳಿನಷ್ಟು ಸಣ್ಣ ಹಲವು ಬೀಜ. ಪಾಲಿಗೋನೇಸಿಯಲ್ಲಿ ಕಾಯಿಗೊಂದೇ ಬೀಜ, ಇದನ್ನು ಮರೆಯದಿದ್ದರೆ ಗೊಂದಲವಿಲ್ಲ. ಅದರ ಬಂಧು ಪಾಲಿಕಾರ್ಪಿಯಾ ಕೊರಿಂಬೋಸಾ ಬೀದರಿನ ಮೊರಂ ನೆಲದಂಥ ಒಣ ಜಾಗದ ಗಿಡ. ಹೊಳೆಯುವ ಒಣ ಎಸಳು, ಬಿಳಿ ಪೊರೆ ನೋಡಿ ಅದನ್ನೇ ಪಾಲಿಗೋನಮ್ ಎಂದು ಬರೆಯುವವರಿದ್ದಾರೆ. ಅದು ನೆಟ್ಟಗೆ ನಿಲ್ಲುತ್ತದೆ, ಹೂಗೊಂಚಲು ತುದಿಯಲ್ಲಿ.

ಹೊನಗೊನ್ನೆ ಸೊಪ್ಪಿನಲ್ಲಿ ಎಲೆ ಜೋಡಿ, ಕಂಕುಳಲ್ಲಿ ಬಿಳಿ ಕಾಗದದಂಥ ಹೂಗುಚ್ಛ, ಒರೆ ಇಲ್ಲ. ನೆಲಕ್ಕೆ ಹರಡುವ ಯೂಫೋರ್ಬಿಯಾಗಳನ್ನು ಮುರಿದರೆ ಹಾಲು ಬರುತ್ತದೆ, ಅಷ್ಟೇ ಸಾಕು. ಗ್ಲೈನಸ್ ಲೋಟಾಯ್ಡಿಸ್ ಮೈಯೆಲ್ಲ ಬಿಳಿ ಉಣ್ಣೆ. ಕೋಲ್ಡೇನಿಯಾದ ಎಲೆ ಸುಕ್ಕುಗಟ್ಟಿ ಅಂಚು ಹಲ್ಲುಹಲ್ಲಾಗಿರುತ್ತದೆ. ವಿಷ್ಣುಕ್ರಾಂತಿಯಲ್ಲಿ ಎಲೆ ಬಿಡಿಬಿಡಿ ಇದ್ದರೂ ಮೈತುಂಬ ರೇಷ್ಮೆ ಕೂದಲು, ಹೂ ನೀಲಿ.

ಒರೆ ಕಂಡ ಮಾತ್ರಕ್ಕೆ ಪಾಲಿಗೋನೇಸಿ ಎನ್ನುವುದೂ ತಪ್ಪೇ. ಕನ್ನೆ ಸೊಪ್ಪಿನ ಗೆಣ್ಣಿನಲ್ಲೂ ಕಾಂಡ ಸುತ್ತಿದ ಕೊಳವೆ ಇದೆ. ಅಲ್ಲಿ ಎಲೆಯ ಬುಡವೇ ಕೊಳವೆಯಾಗಿದೆ, ಎಲೆ ಹರಡಿಕೊಳ್ಳುವುದು ಕೊಳವೆಯ ಮೇಲ್ತುದಿಯಿಂದ. ನಮ್ಮ ಗಿಡದಲ್ಲಿ ಎಲೆ ಹುಟ್ಟುವುದು ಒರೆಯ ಬುಡದ ಕಡೆಯಿಂದ, ಒರೆ ಅದನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಎಲೆಯ ಜಾಡು ಹಿಡಿದು ಬೆರಳು ಇಳಿಸುತ್ತಾ ಬಂದರೆ ಯಾವುದು ಯಾವುದೆಂದು ಕೈಗೇ ತಿಳಿಯುತ್ತದೆ.

ನೀರಂಚಿನ ಎತ್ತರದ ನೆಂಟರು

ಕೆರೆಯ ನೀರಿಗೆ ಕಾಲು ಇಳಿಬಿಟ್ಟು ಮೊಣಕಾಲಿನಿಂದ ಎದೆಯೆತ್ತರ ನಿಂತ, ತುದಿಯಲ್ಲಿ ಗುಲಾಬಿ ಅಥವಾ ಬಿಳಿ ತೆನೆಗಳಿರುವ ಗಿಡ ಪರ್ಸಿಕೇರಿಯಾ. ಹಳೆಯ ಪುಸ್ತಕಗಳಲ್ಲಿ ಇವೂ ಪಾಲಿಗೋನಮ್ ಎಂಬ ಹೆಸರಲ್ಲೇ ಇವೆ, ಪಟ್ಟಿ ಹೋಲಿಸುವಾಗ ಇದು ನೆನಪಿರಲಿ. ಪರ್ಸಿಕೇರಿಯಾದ ಎರಡು ಪ್ರಭೇದಗಳನ್ನು ಬೇರೆ ಮಾಡಲು ಒರೆಯ ಬಾಯಿ ಸಾಕು. ಬಾಯಿ ನೇರ, ಕೂದಲಿಲ್ಲದೆ ಬೋಳಾಗಿದ್ದರೆ ಪರ್ಸಿಕೇರಿಯಾ ಗ್ಲಾಬ್ರಾ; ಅದರ ಇಡೀ ಮೈ ನುಣುಪು, ಶಲಾಕೆ ಎರಡು, ಕಾಯಿ ಎರಡು ಮುಖದ್ದು. ಒರೆಯ ಬಾಯಿಂದ ಒರೆಯಷ್ಟೇ ಉದ್ದದ ಬಿರುಗೂದಲು ಸಾಲಾಗಿ ಎದ್ದಿದ್ದರೆ ಪರ್ಸಿಕೇರಿಯಾ ಬಾರ್ಬೇಟಾ. ಶಲಾಕೆ ಮೂರು, ಕಾಯಿ ಮೂರು ಏಣಿನದ್ದು. ಕೆಳಗಿನ ಗೆಣ್ಣುಗಳಲ್ಲಿ ಬಿರುಗೂದಲು ನೀರಿಗೆ ಕೊಳೆತು ಉದುರಿರುತ್ತವೆ. ಕೆಳಗಿನ ಗೆಣ್ಣು ನೋಡಿ ಗ್ಲಾಬ್ರಾ ಎಂದು ಬರೆದು, ಕಾಯಿ ನೋಡಿದಾಗ ಮೂರು ಏಣು ಬಂದರೆ, ತಪ್ಪಿರುವುದು ಕಾಯಿಯಲ್ಲ.

ಒಣಗಿಸಿ ಇಡುವುದು

ಗುರುತು ನಿಮಗೆ ಖಾತ್ರಿಯಾದರೂ ಒಂದು ಮಾದರಿ ಇದ್ದರೆ ಬೇರೆಯವರು ಪರೀಕ್ಷಿಸಬಹುದು. ಹತ್ತಾರು ಗಿಡ ಇರುವ ಕಡೆ ಮಾತ್ರ ಒಂದೆರಡು ತೆಗೆಯಿರಿ. ಬೇರಿನ ಮಣ್ಣು ತೊಳೆದು, ನೀರು ಒರೆಸಿ, ಪತ್ರಿಕೆಯ ಮಡಿಕೆಯಲ್ಲಿ ಹರಡಿ. ಕೆಲವು ಎಲೆಗಳ ಬೆನ್ನು ಮೇಲೆ ಬರುವಂತೆ ತಿರುಗಿಸಿ. ಹಲಗೆಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರಿ. ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಪತ್ರಿಕೆ ಬದಲಿಸಲೇಬೇಕು. ನಮ್ಮ ಕಡೆಯ ಚಳಿಗಾಲದ ಒಣ ಹವೆಯಲ್ಲಿ ಪ್ಲೆಬೀಯಂ ಒಂದು ವಾರದಲ್ಲಿ ಒಣಗುತ್ತದೆ. ಪರ್ಸಿಕೇರಿಯಾದ ದಪ್ಪ ಕಾಂಡ ಒಳಗೆ ಹಸಿಯಾಗಿಯೇ ಉಳಿದು ಬೂಸು ಹಿಡಿಯುತ್ತದೆ, ಅದನ್ನು ಉದ್ದಕ್ಕೆ ಸೀಳಿ ಇಡಿ.

ಪ್ಲೆಬೀಯಂನಲ್ಲಿ ಕಾಟ ಕೊಡುವುದು ಎಲೆಯ ಬುಡದ ಆ ಕೀಲು. ಪತ್ರಿಕೆ ಬದಲಿಸುವಾಗಲೆಲ್ಲ ಎಲೆಗಳು ಕಳಚಿ ಬೀಳುತ್ತವೆ, ಕೊನೆಗೆ ಬರಿ ಒರೆಗಳ ಕಡ್ಡಿ ಉಳಿಯುತ್ತದೆ. ಇದಕ್ಕೆ ಗಿಡವನ್ನು ಒಳಗಿನ ತೆಳು ಕಾಗದದ ಮಡಿಕೆಯಲ್ಲೇ ಬಿಟ್ಟು ಹೊರಗಿನ ಪತ್ರಿಕೆ ಮಾತ್ರ ಬದಲಿಸುವುದು ಪರಿಹಾರ. ಉದುರಿದ ಎಲೆ, ಕಾಳು ಎಲ್ಲವನ್ನೂ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ. ಹಾಳೆ 28×42 ಸೆಂಟಿಮೀಟರಿನದು. ಒಣಗಿದ ಹೂವನ್ನು ಮತ್ತೆ ಬಿಡಿಸಿ ನೋಡಬೇಕಾದರೆ ಬಿಸಿನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಹತ್ತು ನಿಮಿಷ ನೆನೆಸಿ, ಎಸಳು ಮೆತ್ತಗಾಗುತ್ತವೆ.

ಚೀಟಿಯಲ್ಲಿ ಬರೆಯಬೇಕಾದ್ದು: ಊರು, ತಾಲ್ಲೂಕು, ಜಿಲ್ಲೆ, ಮೊಬೈಲಿನ ಜಿಪಿಎಸ್ ಅಂಕಿ, ದಿನಾಂಕ, ಮಣ್ಣಿನ ಬಗೆ, ನೀರಂಚಿನಿಂದ ಎಷ್ಟು ಹೆಜ್ಜೆ ದೂರ, ಜೊತೆಗಿದ್ದ ಗಿಡಗಳು, ಮತ್ತು ಹಸಿಯಿದ್ದಾಗ ಎಸಳಂಚಿನ ಬಣ್ಣ. ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ, ನೀರಂಚಿನ ದೂರ ಮುಂದಿನ ಮಳೆಗೆ ಉಳಿಯುವುದಿಲ್ಲ. ಈ ಎರಡನ್ನು ಅಲ್ಲೇ ಕುಳಿತು ಬರೆಯಿರಿ. ಕೇಸರ, ಏಣುಗಳ ಸಂಖ್ಯೆಯನ್ನು ಎಷ್ಟು ಹೂ, ಎಷ್ಟು ಕಾಯಿ ನೋಡಿ ಬರೆದದ್ದು ಎಂಬುದರ ಸಮೇತ ಹಾಕಿ. ಅನುಮಾನ ಉಳಿದರೆ ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಂಥ ಕಡೆ ಹಾಳೆಯನ್ನೇ ಒಯ್ದು ತೋರಿಸಬಹುದು.

ಇನ್ನೊಂದು. ಬಿಹಾರ, ಬಂಗಾಳದ ಕಡೆ ಪ್ಲೆಬೀಯಂ ಎಳೆಕವಲನ್ನು ಪಲ್ಯ ಮಾಡಿ ತಿನ್ನುತ್ತಾರೆ. ಹಾಗೆಂದು ಊರ ಚರಂಡಿ ಬಂದು ಸೇರುವ ಕೆರೆಯಿಂದ, ಕಳೆನಾಶಕ ಹೊಡೆದ ಗದ್ದೆಯಿಂದ ಕಿತ್ತು ತಿನ್ನಬೇಡಿ. ಹುಳಿ ಸೊಪ್ಪು ತಿನ್ನುವ ಆಸೆಯಿದ್ದರೆ ಪಾಠಕ್ಕೆಂದು ತಂದ ಚುಕ್ಕಾ ಪಲ್ಯದ ಉಳಿದ ಕಟ್ಟು ಬೇಳೆಗೆ ಹಾಕಿ. ಅದರಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಅದನ್ನೂ ಮಿತಿಯಲ್ಲಿಡಬೇಕು.